ಪಾಸ್ಕಲ್‌ನ ಸೊನ್ನೆ

ಲ್ಯಾಬಲ್ಲಿ ನಮ್ಮ ಮಾಡ್-12 ಕೌಂಟರ್ ರೀಸೆಟ್ ಆಗದೆ ಸತಾಯಿಸಿದಾಗ ನೆನಪಾದವನು ಬ್ಲೇಸ್ ಪಾಸ್ಕಲ್. ಹುಟ್ಟಿದ್ದು 1623, ಫ್ರಾನ್ಸ್. ತೆರಿಗೆ ಲೆಕ್ಕದಲ್ಲಿ ಸುಸ್ತಾಗ್ತಿದ್ದ ಅಪ್ಪನಿಗಾಗಿ 1642ರಲ್ಲಿ, ನಮ್ಮದೇ ವಯಸ್ಸಲ್ಲಿ, ಕೂಡೋ ಯಂತ್ರಕ್ಕೆ ಕೈಹಾಕಿದ. ಸುಮಾರು 50 ಮಾದರಿ ಮಾಡಿ ನೋಡಿದ.

ಆಗ 12 ದೆನಿಯೇಗೆ ಒಂದು ಸೋಲ್, 20 ಸೋಲ್‌ಗೆ ಒಂದು ಲೀವ್ರ್. ಅದಕ್ಕೇ ಒಂದು ಚಕ್ರ 12ಕ್ಕೆ, ಇನ್ನೊಂದು 20ಕ್ಕೆ, ಉಳಿದವು 10ಕ್ಕೆ ಸೊನ್ನೆಯಾಗಿ ಪಕ್ಕದ ಚಕ್ರಕ್ಕೆ ಕ್ಯಾರಿ ಕೊಡ್ತಿದ್ದವು. ರೀಸೆಟ್‌ಗೆ ಎಲ್ಲ ಚಕ್ರವನ್ನೂ ಕೊನೇ ಅಂಕಿಗೆ ತಂದು ಒಂದು ಕೂಡಿಸಬೇಕು. ಎಲ್ಲಾದರೂ ಕ್ಯಾರಿ ಕೆಟ್ಟಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು.

ಯಂತ್ರ ದುಬಾರಿ, ಹೆಚ್ಚು ಮಾರಾಟವಾಗಲಿಲ್ಲ. 1662ರಲ್ಲಿ, 39ಕ್ಕೇ, ಪಾಸ್ಕಲ್ ತೀರಿಕೊಂಡ.

ನಾವೂ ಕೌಂಟರನ್ನು 11ಕ್ಕೆ ನಿಲ್ಲಿಸಿ ಒಂದೇ ಪಲ್ಸ್ ಕೊಟ್ಟೆವು. 12 ತೋರಿಸಿ ನಿಂತಿತು. ನ್ಯಾಂಡ್ ಗೇಟಿನ ವೈರ್ ಸಡಿಲವಾಗಿತ್ತು!