ಕಾಯಿಸಿದರೆ ಕರಗಿದ ಸುಳಿವು

ಲ್ಯಾಬ್ ವರದಿಯಲ್ಲಿ ‘ಬೆನ್ಸ್ ಜೋನ್ಸ್ ಪ್ರೋಟೀನ್’ ಎಂದು ಓದಿದವರು ಅದು ಇಬ್ಬರ ಹೆಸರೆಂದುಕೊಳ್ಳುವುದುಂಟು. ಆದರೆ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬರೇ ವ್ಯಕ್ತಿ. 1813ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ಹುಟ್ಟಿದ ಅವರು ಕೇಂಬ್ರಿಡ್ಜ್‌ನಲ್ಲಿ ಓದಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. ಅಷ್ಟಕ್ಕೇ ನಿಲ್ಲದೆ, 1841ರಲ್ಲಿ ಜರ್ಮನಿಗೆ ಹೋಗಿ ಲೀಬಿಗ್ ಅವರ ಬಳಿ ರಸಾಯನಶಾಸ್ತ್ರವನ್ನೂ ಕಲಿತು ಬಂದರು.

1845ರ ನವೆಂಬರಿನಲ್ಲಿ ಆ ಕಲಿಕೆ ಫಲ ಕೊಟ್ಟಿತು. ಮೂಳೆನೋವಿನಿಂದ ನರಳುತ್ತಿದ್ದ 45ರ ಹರೆಯದ ದಿನಸಿ ವ್ಯಾಪಾರಿಯೊಬ್ಬರ ಮೂತ್ರವನ್ನು ವಾಟ್ಸನ್ ಮತ್ತು ಮ್ಯಾಕಿಂಟೈರ್ ಎಂಬ ವೈದ್ಯರು ಪರೀಕ್ಷೆಗೆ ಕಳುಹಿಸಿದರು. ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾದರೆ ಮತ್ತೆ ಕರಗದು. ಈ ಮೂತ್ರದಲ್ಲಿದ್ದ ವಸ್ತುವಾದರೋ ಕಾಯಿಸಿದರೆ ಕರಗುತ್ತಿತ್ತು, ತಣಿದರೆ ಮತ್ತೆ ಗಟ್ಟಿಯಾಗುತ್ತಿತ್ತು. ಬೆನ್ಸ್ ಜೋನ್ಸ್ ಅದನ್ನು ಅಳೆದರು: ದಿನಕ್ಕೆ 67 ಗ್ರಾಂ! ರೋಗಿ 1846ರ ಜನವರಿ 1ರಂದು ತೀರಿಕೊಂಡರು. ಇಂಥ ಮೂಳೆರೋಗಿಗಳಲ್ಲಿ ಈ ವಸ್ತುವನ್ನು ಹುಡುಕಬೇಕೆಂದು ಬೆನ್ಸ್ ಜೋನ್ಸ್ ಮುಂದೆ ಬರೆದರು.

ಆಮೇಲೆ ಅವರಿಗೆ ಹೆಸರು ಬಂತು. ಡಾರ್ವಿನ್ ಅವರಿಂದ ಚಿಕಿತ್ಸೆ ಪಡೆದರು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕಾರ್ಯದರ್ಶಿಯಾಗಿದ್ದ ಅವರು 1870ರಲ್ಲಿ ಫ್ಯಾರಡೆಯವರ ಜೀವನಚರಿತ್ರೆ ಪ್ರಕಟಿಸಿದರು. 1873ರಲ್ಲಿ ಕಣ್ಮುಚ್ಚುವಾಗ, ತಾವು ಕಂಡಿದ್ದು ನಿಜಕ್ಕೂ ಏನೆಂದು ಅವರಿಗೆ ತಿಳಿದಿರಲಿಲ್ಲ.

ಉತ್ತರ ಸಿಕ್ಕಿದ್ದು 1962ರಲ್ಲಿ. ಅದು ಪ್ರತಿಕಾಯದ ಒಂದು ತುಂಡು, ಅಂದರೆ ಲೈಟ್ ಚೈನ್ ಎಂದು ಎಡೆಲ್ಮನ್ ಮತ್ತು ಗ್ಯಾಲಿ ತೋರಿಸಿದರು. ಮೂಳೆಮಜ್ಜೆಯಲ್ಲಿ ಒಂದೇ ಪ್ಲಾಸ್ಮಾ ಕೋಶದ ಸಂತತಿ ಮಿತಿಮೀರಿ ಬೆಳೆದರೆ ಇಂಥ ತುಂಡುಗಳು ರಾಶಿರಾಶಿಯಾಗಿ ತಯಾರಾಗುತ್ತವೆ. ಅವು ಕಿಡ್ನಿಯ ಜರಡಿ ದಾಟಿ, ಅಲ್ಲಿನ ಸಣ್ಣ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಕಿಡ್ನಿ ಕೆಡುತ್ತದೆ. ಹಾಗಾಗಿ ಚಿಕಿತ್ಸೆಯ ಗುರಿ ಆ ಕೋಶಗಳೇ. ಬೋರ್ಟೆಜೋಮಿಬ್‌ನಂಥ ಔಷಧಗಳು ಅವುಗಳನ್ನು ತಗ್ಗಿಸುತ್ತವೆ. ಬೇಗ ಶುರುವಾದರೆ ಕಿಡ್ನಿ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು.

ತೊಡಕು ಇರುವುದು ಪತ್ತೆಯಲ್ಲಿ. ಮೂತ್ರದಲ್ಲಿ ಅದ್ದುವ ಸಾಮಾನ್ಯ ಪಟ್ಟಿ ಮುಖ್ಯವಾಗಿ ಆಲ್ಬುಮಿನ್ನನ್ನು ಗುರುತಿಸುತ್ತದೆ. ಲೈಟ್ ಚೈನ್ ಅದರ ಕಣ್ತಪ್ಪಿಸುತ್ತದೆ. ಅದಕ್ಕೆ ಎಲೆಕ್ಟ್ರೋಫೋರೆಸಿಸ್, ರಕ್ತದ ಫ್ರೀ ಲೈಟ್ ಚೈನ್ ಪರೀಕ್ಷೆಗಳು ಬೇಕು. ಹಲವರಿಗೆ ಕಿಡ್ನಿ ಬಯಾಪ್ಸಿಯೂ ಬೇಕಾಗುತ್ತದೆ. ಪುಣೆ, ಹೈದರಾಬಾದ್‌ಗಳಲ್ಲಿ ಕುಳಿತು ಊರಿನ ಅಪ್ಪ-ಅಮ್ಮನ ವರದಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ನೋಡುವ ನಾವು ಇದನ್ನು ನೆನಪಿಡೋಣ. ಬಿಡದ ಬೆನ್ನುನೋವು, ರಕ್ತಹೀನತೆ, ಏರುತ್ತಿರುವ ಕ್ರಿಯಾಟಿನಿನ್ ಮೂರೂ ಒಟ್ಟಿಗೆ ಕಂಡರೆ, ವಯಸ್ಸಾಯಿತೆಂದು ಸುಮ್ಮನಾಗದೆ ಈ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳೋಣ.