ಮಣ್ಣನ್ನು ಓದಲು ಕಲಿಸಿದ ಗುರು

ಸರ್ ಮಾರ್ಟಿಮರ್ ವೀಲರ್ ಅವರ ಜೀವನದಲ್ಲಿ ನನಗೆ ಅತ್ಯಂತ ಹಿರಿದಾಗಿ ತೋರುವುದು ಅವರು ಶಿಷ್ಯರನ್ನು ಪಳಗಿಸಿದ ರೀತಿ. 1890ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ಅವರು ಎರಡು ಮಹಾಯುದ್ಧಗಳಲ್ಲಿಯೂ ಫಿರಂಗಿದಳದ ಅಧಿಕಾರಿಯಾಗಿದ್ದರು. ಆ ಶಿಸ್ತನ್ನೇ ಉತ್ಖನನಕ್ಕೂ ತಂದರು.

1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾದೊಡನೆ ತಕ್ಷಶಿಲೆಯಲ್ಲಿ ಶಿಬಿರ ಹೂಡಿ ತರುಣರನ್ನು ಗುಂಡಿಗಿಳಿಸಿದರು. ಚೌಕವಾಗಿ ಅಗೆಯುವುದು, ಚೌಕಗಳ ನಡುವೆ ಮಣ್ಣಿನ ಗೋಡೆಯುಳಿಸಿ ಅದರಲ್ಲಿ ಪದರಗಳನ್ನು ಗುರುತಿಸುವುದು, ಪ್ರತಿಯೊಂದು ಮಡಕೆಚೂರನ್ನೂ ಅದರ ಪದರದೊಡನೆ ದಾಖಲಿಸುವುದು: ಇದೇ ಅಲ್ಲಿಯ ಪಾಠ.

ಮರುವರ್ಷ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ಮಡಕೆಗಳ ಆಧಾರದಿಂದ ಅಲ್ಲಿಯ ಪದರಗಳ ಕಾಲ ನಿರ್ಣಯವಾಯಿತು. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದಾಗ, ಅರಿಕಮೇಡಿನಲ್ಲಿದ್ದಂಥ ಚೂರುಗಳೇ ಮೇಲಿನ ಪದರದಲ್ಲಿ ದೊರೆತವು. ಅದರ ಕೆಳಗೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರ ಕುರುಹುಗಳು. ಇನ್ನೂ ಕೆಳಗೆ ಕಲ್ಲುಕೊಡಲಿಯವರ ನೆಲೆ. ಆ ಕಲ್ಲುಕೊಡಲಿಯವರ ಆರಂಭವನ್ನು ವೀಲರ್ ಕ್ರಿ. ಪೂ. ಮೊದಲ ಸಹಸ್ರಮಾನಕ್ಕೆ ಇಳಿಸಿದರು.

ಈ ನಿರ್ಣಯ ನಿಲ್ಲಲಿಲ್ಲ. ಮುಂದೆ ಇಂಗಾಲದ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಸಾವಿರ ವರ್ಷಗಳಿಗೂ ಹೆಚ್ಚು ಹಿಂದಕ್ಕೆ ಒಯ್ದವು. ಆದರೆ ಆ ತಿದ್ದುಪಡಿಗೆ ಬೇಕಾದುದು, ಯಾವ ಪದರದ ಇದ್ದಿಲು ಎಂದು ನಿಶ್ಚಯವಾಗಿ ಹೇಳಬಲ್ಲ ಕಣ್ಣು. ಅಂಥ ಕಣ್ಣನ್ನು ಇಲ್ಲಿಯ ತರುಣರಲ್ಲಿ ತೆರೆಸಿದವರು ಅವರೇ. ತಕ್ಷಶಿಲೆಯಲ್ಲಿ ಕಲಿತ ಬಿ. ಬಿ. ಲಾಲ್, ಬಿ. ಕೆ. ಥಾಪರ್ ಅವರು 1960ರ ದಶಕದಲ್ಲಿ ರಾಜಸ್ಥಾನದ ಕಾಲೀಬಂಗನ್ ಉತ್ಖನನವನ್ನು ನಡೆಸಿದರು.

ವೀಲರ್ 1976ರಲ್ಲಿ ತೀರಿಕೊಂಡರು. ತನ್ನ ತೀರ್ಮಾನವನ್ನೇ ತಿದ್ದಬಲ್ಲ ವಿದ್ಯೆಯನ್ನು ಶಿಷ್ಯರ ಕೈಗಿತ್ತು ಹೋದ ಗುರುವೆಂದು ನಾನು ಅವರನ್ನು ಗೌರವಿಸುತ್ತೇನೆ.