ಗಾನಯೋಗಿ ಪಂಚಾಕ್ಷರ ಗವಾಯಿಗಳು

ಶಿಕಾರಿಪುರದಿಂದ ಶಿರಾಳಕೊಪ್ಪ, ಸೊರಬ ತಾಲ್ಲೂಕಿನ ಆನವಟ್ಟಿ ದಾಟಿ ಮುಂದೆ ಹೋದರೆ ಹಾನಗಲ್ಲು ಸಿಗುತ್ತೆ. ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರ ಗವಾಯಿಗಳು ಹುಟ್ಟಿದರು. ಮೊದಲ ಹೆಸರು ಗದಿಗೆಯ್ಯ. ಬಡವರ ಮನೆ, ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಅವರನ್ನು ಕರೆದುಕೊಂಡು ಹೋಗಿ ಸಾಕಿ, ಸಂಗೀತ ಕಲಿಯಲು ಸಹಾಯ ಮಾಡಿದರು.

ಗವಾಯಿಗಳು ಅದನ್ನು ಮರೆಯಲಿಲ್ಲ. ತಾವು ಕಲಿತ ಮೇಲೆ ಕುರುಡ, ಅನಾಥ, ಬಡ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಹೇಳಿಕೊಟ್ಟರು. ಮೊದಮೊದಲು ಅವರಿಗೂ ಒಂದು ಕಡೆ ನೆಲೆ ಇರಲಿಲ್ಲ. ಮಕ್ಕಳ ಸಮೇತ ಊರೂರು ತಿರುಗಿದರು. ಹಾಡಿ, ನಾಟಕ ಆಡಿಸಿ ಬಂದ ಹಣದಲ್ಲಿ ಅನ್ನ ಹಾಕಿದರು. ಆಮೇಲೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮ ಆಯಿತು. ಅವರ ಹತ್ತಿರ ಕಲಿತ ಬಸವರಾಜ ರಾಜಗುರು ದೊಡ್ಡ ಗಾಯಕರಾದರು. 1944ರಲ್ಲಿ ಗವಾಯಿಗಳು ತೀರಿಕೊಂಡರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮವನ್ನು ನೋಡಿಕೊಂಡರು.

ಸ್ನೇಹಿತರೇ, ಹೋದ ವರ್ಷ ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಕೆಲಸಕ್ಕೆ ಬಂದ ಅವರ ಅಪ್ಪ ಅಮ್ಮ ಕೆರೆ ಹತ್ತಿರ ಗುಡಾರ ಹಾಕಿದ್ದರು. ಲೆಕ್ಕದಲ್ಲಿ ಅವನೇ ಮುಂದೆ. ಕೆಲಸ ಮುಗೀತು, ಗುಡಾರ ಎತ್ತಿದರು. ಪರೀಕ್ಷೆಗೆ ಅವನು ಬರಲಿಲ್ಲ. ಎಲ್ಲಿಗೆ ಹೋದೆ ಅಂತ ನಾವ್ಯಾರೂ ಕೇಳಿರಲಿಲ್ಲ. ಇನ್ನು ಮುಂದೆ ಅಂಥವರು ಬಂದರೆ ಮೊದಲೇ ಕೇಳೋಣ, ಮೇಷ್ಟ್ರಿಗೆ ಹೇಳೋಣ. ಕಣ್ಣಿಲ್ಲದ ಗವಾಯಿಗಳಿಗೆ ಅಂಥ ಮಕ್ಕಳು ಕಂಡರು. ಕಣ್ಣಿದ್ದ ನಮಗೆ ಕಾಣಬೇಡವೇ?

– 7ನೇ ತರಗತಿ